ಬೀಗರ ಟ್ರ್ಯಾಕ್ಟರೂ ಐದು ಬಾಟಲಿ ಡೀಸೆಲ್ಲೂ

ಒಂದು ವಿಷಯದಲ್ಲಿ ಬಲ್ಲವನೆಂದು ಹೆಸರು ಬಿದ್ದವನ ಬಾಗಿಲಿಗೆ, ಅವನು ಕನಸಿನಲ್ಲಿಯೂ ಅರಿಯದ ವಿಷಯಗಳು ತಾವಾಗಿಯೇ ಬಂದು ನಿಲ್ಲುತ್ತಿರುತ್ತವೆ. ನನ್ನ ಬಾಗಿಲಿಗೆ ಬಂದು ನಿಂತದ್ದು ಟ್ರ್ಯಾಕ್ಟರು. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಹಳಗನ್ನಡ ಗದ್ಯವನ್ನು ಬೋಧಿಸುತ್ತ, ತಾಳೆಗರಿಯ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ ತಪ್ಪು ಪಾಠಗಳನ್ನು ಹೆಕ್ಕಿ ತೆಗೆಯುತ್ತ ಆಯುಷ್ಯವನ್ನು ಸವೆಸಿದವನು ನಾನು. ಈಗ ವಸಂತ್ ಕುಂಜದ ನಮ್ಮ ಫ್ಲ್ಯಾಟಿಗೆ ಬರುವ ಫೋನುಗಳಲ್ಲಿ ಗದ್ಯದ ವಿಚಾರ ಎತ್ತುವವರು ಅಪರೂಪ. ಮೊನ್ನೆ ಹರಿಯಾಣದ ಯಾವುದೋ ಹಳ್ಳಿಯಿಂದ ಬಂದ ಕರೆ ಹೀಗಿತ್ತು: "ಪ್ರೊಫೆಸರ್ ಸಾಹೇಬ್, ಗಾಡಿ ಬಿಳಿ ಹೊಗೆ ಬಿಡ್ತಾ ಇದೆ. ನೀರೋ, ಗಾಳಿಯೋ? ಫೋನಿನಲ್ಲೇ ಹೇಳಿಬಿಡಿ. ಆಗಲಿಲ್ಲ ಅಂದರೆ ಕಾರು ಕಳಿಸ್ತೀನಿ." ಹಳಗನ್ನಡಕ್ಕೆ ದುಡಿದ ಅಷ್ಟೂ ವರ್ಷಗಳಲ್ಲಿ ನನಗಾಗಿ ಯಾರೂ ಕಾರು ಕಳಿಸಿರಲಿಲ್ಲ.

ಈ ಕೀರ್ತಿ ನನ್ನನ್ನು ಬಂದು ಸೇರಿದ ಬಗೆಯನ್ನು ಇಲ್ಲಿ ನಿವೇದಿಸುತ್ತೇನೆ.

೧. ಐದು ದಿನದ ಹದ

ನನ್ನ ಮಗಳನ್ನು ಕೊಟ್ಟಿರುವುದು ಕೊಡಗಿನ ಮನೆತನಕ್ಕೆ. ಬೀಗರು ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಮಗ ಸೊಸೆಯರು ಗುರುಗ್ರಾಮದ ಇಪ್ಪತ್ತೆರಡನೆಯ ಅಂತಸ್ತಿನಲ್ಲಿ ನೆಲೆಸಿದಾಗ, "ಕಾಲ ಕೆಳಗೆ ಮಣ್ಣಿಲ್ಲದ ಕಡೆ ನಾನು ಕಾವಲು ನಿಲ್ಲಲಾರೆ" ಎಂದು, ಆ ಊರಿನ ಕಟ್ಟಕಡೆಯ ಗೋಪುರದಿಂದ ಒಂದು ಗಂಟೆಯ ದಾರಿಯಲ್ಲಿ ಐದು ಎಕರೆ ಹೊಲವನ್ನೂ ಒಂದು ಹಳೆಯ ಟ್ರ್ಯಾಕ್ಟರನ್ನೂ ಕೊಂಡು ಹೆಂಡತಿಯೊಡನೆ ಅಲ್ಲಿಯೇ ಉಳಿದರು. ಅವರ ಪಡೆಯಲ್ಲಿಯೇ ಇದ್ದ ಹರಿಯಾಣದ ಹವಾಲ್ದಾರನೊಬ್ಬ, ತಾನೂ ನಿವೃತ್ತನಾದ ಮೇಲೆ, ಟ್ರ್ಯಾಕ್ಟರು ನಡೆಸಲು ಅವರೊಡನೆ ಬಂದು ಸೇರಿಕೊಂಡ.

ನೆರೆಯ ಹೊಲದ ಯಜಮಾನನನ್ನು ಊರವರೆಲ್ಲ 'ತಾವೂ' ಎನ್ನುತ್ತಾರೆ. ನಮ್ಮಲ್ಲಿ ದೊಡ್ಡಪ್ಪ ಎಂದಂತೆ. ಹಿಂದಿನ ಎರಡು ವರ್ಷ ಬೀಗರ ಹೊಲವನ್ನು ಬಿತ್ತಿದ್ದು ತಾವೂನ ಹೊಸ ಟ್ರ್ಯಾಕ್ಟರು. ಈ ಸಲ ಬೀಗರು ಹತ್ತು ಜನ ಹುಕ್ಕಾ ಸೇದುತ್ತ ಕುಳಿತಿದ್ದ ಕಟ್ಟೆಯ ಮುಂದೆ ನಿಂತು, "ಈ ಬಾರಿ ನನ್ನ ಹೊಲಕ್ಕೆ ನನ್ನದೇ ಗಾಡಿ" ಎಂದು ಸಾರಿಬಿಟ್ಟರು. ತಾವೂ ಹುಕ್ಕಾದ ನಳಿಕೆಯನ್ನು ಬಾಯಿಂದ ತೆಗೆದು ಹೇಳಿದನಂತೆ: "ಅಚ್ಛಾ ಫೌಜಿ. ಆದರೆ ನಿನ್ನ ಗಾಡಿ ನಿಂತುಬಿಟ್ಟರೆ ನಾಚಿಕೋಬೇಡ. ಬಾಯಿಬಿಟ್ಟು ಒಂದು ಮಾತು ಕೇಳು, ಬಂದು ಬಿತ್ತಿಕೊಡ್ತೀನಿ. ಕೇಳಬೇಕು, ಅಷ್ಟೇ."

ಬಿತ್ತನೆಯನ್ನು ನೋಡಬನ್ನಿರೆಂಬ ಕರೆಗೆ ಓಗೊಟ್ಟು ನಾನು ಹೋದದ್ದು ದೀಪಾವಳಿ ಕಳೆದ ವಾರ. ಹೊಲಕ್ಕೆ ಮೊದಲೇ ನೀರು ಹಾಯಿಸಿ, ಮಣ್ಣು ಹಿಡಿದರೆ ಉಂಡೆಯಾಗುವ, ಬಿಟ್ಟರೆ ಪುಡಿಯಾಗುವ ಹದಕ್ಕೆ ಬಂದಾಗ ಗೋಧಿ ಬಿತ್ತಬೇಕು. ಆ ಹದ ಐದು ದಿನ ನಿಲ್ಲುತ್ತದೆ. ತಪ್ಪಿದರೆ ಮತ್ತೆ ನೀರು, ಮತ್ತೆ ಕಾಯುವಿಕೆ; ಅಷ್ಟರಲ್ಲಿ ಚಳಿ ಬಲಿತು ಬೆಳೆ ಬಡವಾಗುತ್ತದೆ.

ಮೊದಲನೆಯ ದಿನ ಮೂರನೆಯ ಸುತ್ತಿನಲ್ಲಿ ಟ್ರ್ಯಾಕ್ಟರು ಕೆಮ್ಮಿತು, ಬಿಳಿಯ ಹೊಗೆಯನ್ನು ಉಗುಳಿತು, ಮತ್ತು ಹೊಲದ ನಟ್ಟನಡುವೆ ನಿಂತಿತು. ಬೀಗರು ಅದರ ಮುಂದೆ ನೆಟ್ಟಗೆ ನಿಂತು, "ಯಾರು ಹೇಳಿದ್ದು ನಿಲ್ಲು ಅಂತ?" ಎಂದರು. ಹವಾಲ್ದಾರ, "ನಾನಲ್ಲ ಸಾಬ್" ಎಂದ. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ, ಬದುವಿನ ಆಚೆ ಮಂಚದ ಮೇಲೆ ಕುಳಿತಿದ್ದ ತಾವೂ ಅಂಗೈಯನ್ನು ಕಿವಿಗೆ ಆನಿಸಿಕೊಂಡು ಕೂಗಿದ:

"ಫೌಜಿ! ಏನಾದರೂ ಅಂದೆಯಾ? ಕೇಳಿಸಲಿಲ್ಲ!"

೨. ಮಿಸ್ತ್ರಿಯ ವೇದಾಂತ

ಮಧ್ಯಾಹ್ನ ಟ್ರ್ಯಾಕ್ಟರು ರಿಪೇರಿಯ ಮಿಸ್ತ್ರಿ ಬಂದ. ಮೋಟಾರುಬೈಕಿನಿಂದ ಇಳಿಯುವ ಮುನ್ನವೇ, ಇನ್ನೂ ಒಂದು ಕಾಲು ಆ ಕಡೆಯಿರುವಾಗಲೇ, "ಪಂಪು ಹೋಗಿದೆ" ಎಂದು ನಿರ್ಣಯ ಕೊಟ್ಟ. ಪಂಪನ್ನು ಬಿಚ್ಚಿ ನಗರಕ್ಕೆ ಒಯ್ಯಬೇಕು, ಎಂಟು ದಿನ ಹಿಡಿಯುತ್ತದೆ ಎಂದ. ಎಂಟು ದಿನವೆಂಬ ಮಾತು ಕಿವಿಗೆ ಬಿದ್ದೊಡನೆ ಬೀಗರ ಮೀಸೆ ಎದ್ದು ನಿಂತಿತು. ಅದನ್ನು ಕಂಡು ಮಿಸ್ತ್ರಿ, "ಇಲ್ಲಾ, ಒಂದು ಸಲ ನೋಡೋಣ" ಎಂದು ಕುಕ್ಕರಗಾಲಿನಲ್ಲಿ ಕುಳಿತು, ಡೀಸೆಲ್ಲನ್ನು ಸೋಸುವ ಫಿಲ್ಟರಿನ ಕೆಳಗಿದ್ದ ಗಾಜಿನ ಬಟ್ಟಲನ್ನು ಬಿಚ್ಚಿ ಬಿಸಿಲಿಗೆ ಹಿಡಿದ.

ಮೇಲೆ ಹೊಂಬಣ್ಣದ ಡೀಸೆಲ್ಲು. ಅಡಿಯಲ್ಲಿ, ಗೆರೆ ಕೊರೆದಂತೆ ಬೇರೆಯಾಗಿ, ಬೆಳ್ಳಗಿನ ದ್ರವ.

"ಪಾನಿ" ಎಂದ ಮಿಸ್ತ್ರಿ. "ನೀರು ಭಾರ, ಕೆಳಗೆ ಕೂರುತ್ತೆ. ಡೀಸೆಲ್ ಹಗುರ, ಮೇಲೆ ತೇಲುತ್ತೆ. ಎಂಜಿನಿಗೆ ನೀರು ಕುಡಿಸಿದರೆ ಅದು ಕೆಮ್ಮದೆ ಇನ್ನೇನು ಮಾಡೀತು?"

ಬಟ್ಟಲನ್ನು ಚೆಲ್ಲಿ, ಒರೆಸಿ, ಮತ್ತೆ ಕೂರಿಸಿದ. ಬೋಲ್ಟೊಂದನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತ ಹೋದ. ಮೊದಲು ಗುಳ್ಳೆಗಳು ಬಂದವು, ಅನಂತರ ಗುಳ್ಳೆಯಿಲ್ಲದ ಡೀಸೆಲ್ಲು. ಟ್ರ್ಯಾಕ್ಟರು ಗುಡುಗಿತು. ಬೀಗರು ತಾವೂನ ಮಂಚದ ಕಡೆ ನೋಡಿ ಮೀಸೆಯನ್ನು ನೀವಿಕೊಂಡರು. ನೀವಿದ ಕೈ ಕೆಳಗಿಳಿಯುವುದರೊಳಗೆ ಟ್ರ್ಯಾಕ್ಟರು ಮತ್ತೆ ನಿಂತಿತು. ಬಟ್ಟಲಿನಲ್ಲಿ ಮತ್ತೆ ನೀರು. ಚೆಲ್ಲಿದ್ದಾಯಿತು, ನಡೆಯಿತು, ನಿಂತಿತು. ಸೂರ್ಯ ಮುಳುಗುವವರೆಗೆ ಇದೇ ಆಟ.

ನಾನು ವಿನಯದಿಂದ ಕೇಳಿದೆ: "ಭಯ್ಯಾ, ಈ ನೀರು ಬರುತ್ತಿರುವುದಾದರೂ ಎಲ್ಲಿಂದ?"

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನನ್ನು ಕರುಣೆಯಿಂದ ನೋಡಿದ. "ಬಾಬೂಜೀ, ಬಂದದ್ದನ್ನು ತೆಗೆಯೋದು ನನ್ನ ಕೆಲಸ. ಎಲ್ಲಿಂದ ಬಂತು ಅಂತ ಕೇಳಬೇಕಾದರೆ ಮೇಲಿನವನನ್ನು ಕೇಳಿ. ನಾನು ಒಂದು ವಾರ ಸಿಗೋದಿಲ್ಲ, ತಂಗಿಯ ಮದುವೆ."

೩. ತೊಳೆದ ಬಾಟಲಿಗಳು

ಆ ಸಂಜೆ ಬೀಗರು ತಲೆ ತಗ್ಗಿಸಿ ಕುಳಿತಿದ್ದರು. ಗುಂಡಿನ ಮಳೆಯಲ್ಲಿ ನಿಂತು ಬಂದವರು ತಾವೂನ ಒಂದು ಮಾತಿಗೆ ಹೆದರಿ ಕುಗ್ಗಿದ್ದನ್ನು ಕಂಡು ನನಗೆ ಸಂಕಟವಾಯಿತು. ನಾನೆಂದೆ: "ಸುಬೇದಾರರೇ, ಒಂದು ಪ್ರತಿಯಲ್ಲಿ ತಪ್ಪು ಪಾಠವಿದ್ದರೆ ನಾವು ಅಲ್ಲಿಯೇ ತಿದ್ದಿ ಸುಮ್ಮನಾಗುವುದಿಲ್ಲ. ಆ ಪ್ರತಿಯನ್ನು ಯಾವುದರಿಂದ ನಕಲು ಮಾಡಿದರೋ ಅದನ್ನು ಹುಡುಕುತ್ತೇವೆ, ಅದರ ಹಿಂದಿನದನ್ನು ಹುಡುಕುತ್ತೇವೆ. ತಪ್ಪು ಹೊಕ್ಕ ಕೈ ಯಾವುದೆಂದು ತಿಳಿಯುವವರೆಗೆ ಬಿಡುವುದಿಲ್ಲ. ನಿಮ್ಮ ಡೀಸೆಲ್ಲೂ ಒಂದರಿಂದ ಒಂದಕ್ಕೆ ನಕಲಾಗುತ್ತ ಬಂದದ್ದೇ ತಾನೇ?"

ಬೀಗರು ತಲೆಯೆತ್ತಿದರು. "ಅಂದರೆ, ಒಂದೊಂದೇ ಚೌಕಿ ತಪಾಸಣೆ ಅನ್ನಿ, ಬೀಗರೇ."

"ಹಾಗೆಯೇ ಅನ್ನೋಣ."

ಚೌಕಿಗಳು ಐದು. ಬಂಕಿನಿಂದ ತಂದ ಡೀಸೆಲ್ಲು ಅಂಗಳದ ದೊಡ್ಡ ಡ್ರಮ್ಮಿಗೆ; ಡ್ರಮ್ಮಿನಿಂದ ಕ್ಯಾನಿಗೆ; ಕ್ಯಾನಿನಿಂದ ಟ್ರ್ಯಾಕ್ಟರಿನ ಟ್ಯಾಂಕಿಗೆ; ಟ್ಯಾಂಕಿನಿಂದ ಆ ಗಾಜಿನ ಬಟ್ಟಲಿಗೆ. ಎರಡನೆಯ ದಿನ ಬೆಳಿಗ್ಗೆ ಬೀಗಿತ್ತಿಯವರ ಅಡುಗೆಮನೆಯಿಂದ ಐದು ಗಾಜಿನ ಬಾಟಲಿಗಳನ್ನು ಎರವಲು ಪಡೆದೆ. ಅದರಲ್ಲೊಂದು ಕೊಡಗಿನಿಂದ ಬಂದಿದ್ದ ಕಾಚಂಪುಳಿಯದು; ಹಂದಿಸಾರಿಗೆ ಬೇಕಾದ ಆ ಹುಳಿಯನ್ನು ಬೇರೆಡೆ ಬಗ್ಗಿಸುವಾಗ ಆಕೆಯ ಮುಖದಲ್ಲಿ ಮಗಳನ್ನು ಕಳಿಸಿಕೊಡುವ ತಾಯಿಯ ಭಾವವಿತ್ತು. ಕ, ಖ, ಗ, ಘ, ಙ ಎಂದು ಚೀಟಿ ಅಂಟಿಸಿದೆ. ಬಟ್ಟಲಿನದು ಕ ಪ್ರತಿ, ಟ್ಯಾಂಕಿನದು ಖ, ಕ್ಯಾನಿನದು ಗ, ಡ್ರಮ್ಮಿನದು ಘ; ಹವಾಲ್ದಾರ ಬಂಕಿಗೆ ಹೋಗಿ ಹೊಸದಾಗಿ ಹಿಡಿದು ತಂದದ್ದು ಙ.

ಒಂದು ಗಂಟೆ ಅಲುಗಾಡಿಸದೆ ಇಟ್ಟು ನೋಡಿದರೆ, ಐದರಲ್ಲಿಯೂ ಅಡಿಯಲ್ಲಿ ನೀರು!

"ಬಂಕಿನವನೇ ಕಳ್ಳ!" ಎಂದು ಬೀಗರು ಎದ್ದರು. "ಹವಾಲ್ದಾರ್, ಗಾಡಿ ತೆಗಿ!"

"ಗಾಡಿ ನಿಂತಿದೆ ಸಾಬ್."

"ಬೈಕ್ ತೆಗಿ!"

ಮೂಲಪ್ರತಿಯೇ ಕೆಟ್ಟಿದೆಯೆಂದು ನಾನೂ ಗಂಭೀರವಾಗಿ ತಲೆದೂಗುತ್ತಿದ್ದೆ. ಆಗ ಒಗ್ಗರಣೆಯ ಸೌಟನ್ನು ಹಿಡಿದೇ ಹೊರಗೆ ಬಂದ ಬೀಗಿತ್ತಿಯವರು ಕೇಳಿದರು: "ಬೀಗರೇ, ಬೆಳಿಗ್ಗೆ ನೀವು ಬಾಟಲಿಗಳನ್ನು ನಲ್ಲಿಯ ಕೆಳಗೆ ಅಷ್ಟು ಚೆನ್ನಾಗಿ ತೊಳೆದಿರಲ್ಲ. ಆಮೇಲೆ ಒರೆಸಿದಿರಾ?"

ಒರೆಸಿರಲಿಲ್ಲ. ತಪ್ಪು ಪಾಠ ಹೊಕ್ಕ ಕೈ ಸಂಪಾದಕನದೇ ಆಗಿತ್ತು.

೪. ಖ ಪ್ರತಿಯ ನಷ್ಟ

ಬಾಟಲಿಗಳನ್ನು ಬಿಸಿಲಿನಲ್ಲಿ ಒಣಗಿಸಿ, ಬೀಗಿತ್ತಿಯವರೇ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿ ಕೊಟ್ಟ ಮೇಲೆ, ಸಂಜೆ ಮತ್ತೊಮ್ಮೆ ಐದು ಪ್ರತಿಗಳನ್ನು ಸಂಗ್ರಹಿಸಿ ಬದುವಿನ ಪಕ್ಕದ ಗೋಡೆಯ ಮೇಲೆ ಸಾಲಾಗಿ ಇಟ್ಟೆ. ಮುಳುಗುವ ಸೂರ್ಯನ ಬೆಳಕಿನಲ್ಲಿ ಅವು ಐದು ದೀಪಗಳಂತೆ ಹೊಳೆಯುತ್ತಿದ್ದವು. ಬದುವಿನ ಆಚೆಯಿಂದ ತಾವೂ ಬಹಳ ಹೊತ್ತು ಅವುಗಳನ್ನೂ ನನ್ನ ಕನ್ನಡಕವನ್ನೂ ಸರದಿಯ ಮೇಲೆ ನೋಡುತ್ತಿದ್ದುದನ್ನು ಕಂಡೆನಾದರೂ, ಅದಕ್ಕೆ ಅರ್ಥ ಕಲ್ಪಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಖ ಪ್ರತಿ ಮಾಯ.

ಹವಾಲ್ದಾರ ಹುಡುಕಲು ಹೊರಟವನು ಬಹುದೂರ ಹೋಗಬೇಕಾಗಲಿಲ್ಲ. ಬದುವಿನ ಆಚೆ ತಾವೂ ಮಂಚದ ಮೇಲೆ ಎರಡೂ ಕಾಲುಗಳನ್ನು ನೀಡಿಕೊಂಡು, ಮೊಣಕಾಲಿನವರೆಗೆ ಧೋತಿಯನ್ನೇರಿಸಿ, ಬಿಸಿಲಿಗೆ ಹೊಳೆಯುತ್ತ ಕುಳಿತಿದ್ದ. ಹತ್ತು ಮಾರು ದೂರಕ್ಕೇ ಡೀಸೆಲ್ಲಿನ ವಾಸನೆ.

ನಾನು ಹೋಗಿ ಮೆಲ್ಲನೆ ಹೇಳಿದೆ: "ತಾವೂಜೀ, ಅದು ಎಣ್ಣೆಯಲ್ಲ, ಡೀಸೆಲ್ಲು."

"ಅರೇ ಮಾಸ್ಟರ್ಜೀ, ಡೀಸೆಲ್ ಅಂತ ನನಗೆ ಗೊತ್ತಾಗೋದಿಲ್ವಾ? ಬರೀ ಡೀಸೆಲ್ ಆದರೆ ನನ್ನ ಮನೆಯಲ್ಲೂ ಒಂದು ಡ್ರಮ್ ಇದೆ." ತಾವೂ ಖಾಲಿ ಬಾಟಲಿಯ ಮೇಲಿನ ಚೀಟಿಯನ್ನು ಭಕ್ತಿಯಿಂದ ಮುಟ್ಟಿ ತೋರಿಸಿದ. "ಇದಕ್ಕೆ ನೀವು ಮಂತ್ರ ಬರೆದಿದ್ದೀರಿ. ಮಂಡಿನೋವಿಗೆ ಆರಾಮ ಇದೆ. ಬಲಗಾಲಿಗೆ ಇದು ಸಾಕಾಯ್ತು. ಎಡಗಾಲಿಗೆ ಆ ಮೂರನೇ ಬಾಟಲಿ ಹೇಗೆ, ಸರಿಹೋಗುತ್ತಾ?"

ಗೆದ್ದಲು ತಿಂದು ಹೋದ ಪ್ರತಿಗಳನ್ನು ನಾನು ಕಂಡಿದ್ದೇನೆ. ನದಿಯ ಪಾಲಾದವುಗಳ ವಿಷಯವನ್ನು ಕೇಳಿದ್ದೇನೆ. ಒಲೆಗೆ ಹೋದವುಗಳನ್ನು ನೆನೆದು ಮರುಗಿದ್ದೇನೆ. ಮೊಣಕಾಲಿಗೆ ಆಹುತಿಯಾದ ಪ್ರತಿ ಇದೊಂದೇ.

೫. ರದ್ದಾಗದ ಹುಕುಂ

ಉಳಿದ ನಾಲ್ಕು ಪ್ರತಿಗಳು ಸಾಕಾದವು. ಕ, ಗ, ಘ, ಮೂರರ ಅಡಿಯಲ್ಲಿಯೂ ನೀರು. ಬಂಕಿನ ಙ ಮಾತ್ರ ಮೇಲಿನಿಂದ ಅಡಿಯವರೆಗೆ ನಿಷ್ಕಳಂಕ. ಆದುದರಿಂದ ನೀರು ಸೇರುತ್ತಿದ್ದುದು ಡ್ರಮ್ಮಿನಲ್ಲಿಯೇ ಎಂಬುದು ಸಿದ್ಧವಾಯಿತು. ಡ್ರಮ್ಮಾದರೋ ಹೊಸದು, ತೂತಿಲ್ಲ, ಬಿರುಕಿಲ್ಲ, ದೀಪಾವಳಿಯಿಂದೀಚೆಗೆ ಮಳೆಯೂ ಇಲ್ಲ. ಅದರ ತಲೆಯ ಮೇಲಿನ ಗೋಣಿಯ ತೇವವನ್ನು ಮಂಜಿನದೆಂದುಕೊಂಡೆವು.

"ಶತ್ರು ಬರುವ ಹೊತ್ತು ಗೊತ್ತಿಲ್ಲದಿದ್ದರೆ ಹೊಂಚು ಹಾಕಬೇಕು" ಎಂದರು ಬೀಗರು. ದಿನವೂ ಬೆಳಗಿನ ಜಾವದಲ್ಲಿ ನಡಿಗೆಗೆ ಹೋಗುವವರು ಮರುದಿನ ಹೋಗಲಿಲ್ಲ. ನಾಲ್ಕನೆಯ ದಿನ ಪೂರ್ವದಲ್ಲಿ ಬೆಳಕು ಮೂಡುವ ಹೊತ್ತಿಗೆ, ಮಂಜಿನಲ್ಲಿ ಒಂದೇ ಕಂಬಳಿಯನ್ನು ಇಬ್ಬರೂ ಹೊದ್ದು ಮೇವಿನ ರಾಶಿಯ ಹಿಂದೆ ಕುಳಿತೆವು.

ಸ್ವಲ್ಪ ಹೊತ್ತಿನಲ್ಲಿ ಹೆಜ್ಜೆಯ ಸದ್ದಾಯಿತು. ಬೀಗರು ನನ್ನ ತೋಳನ್ನು ಅದುಮಿದರು. ಮಂಜನ್ನು ಸೀಳಿಕೊಂಡು ಒಂದು ಆಕೃತಿ, ಬಕೆಟ್ಟನ್ನು ಹಿಡಿದು, ಅಳೆದಿಟ್ಟಂತೆ ಹೆಜ್ಜೆಯಿಡುತ್ತ ಬಂತು. ಡ್ರಮ್ಮಿನ ತಲೆಗೆ ಹೊದಿಸಿದ್ದ ಗೋಣಿತಾಟಿನ ಮೇಲೆ ಇಡೀ ಬಕೆಟ್ ನೀರನ್ನು ಸುರಿಯಿತು. ಒಂದು ಹೆಜ್ಜೆ ಹಿಂದೆ ಸರಿದು ಡ್ರಮ್ಮಿಗೆ ಸೆಲ್ಯೂಟ್ ಹೊಡೆಯಿತು.

"ಹವಾಲ್ದಾರ್!" ಎಂದು ಬೀಗರು ಕಂಬಳಿಯೊಡನೆ ಎದ್ದರು, ನಾನು ಕಂಬಳಿಯಿಲ್ಲದೆ ಎದ್ದೆ. "ಏನು ಮಾಡ್ತಾ ಇದ್ದೀ?"

"ಡ್ರಮ್ ತೋಯಿಸ್ತಾ ಇದ್ದೀನಿ ಸಾಬ್."

"ಯಾರು ಹೇಳಿದ್ದು?"

"ನೀವೇ ಸಾಬ್. ಮೇ ತಿಂಗಳಲ್ಲಿ."

ಸಂಗತಿ ಇಷ್ಟು. ಬೀಗರು ಒಂದು ಕಾಲದಲ್ಲಿ ಮರುಭೂಮಿಯಲ್ಲಿ ಕಾವಲಿದ್ದವರು. ಅಲ್ಲಿ ಕುಡಿಯುವ ನೀರಿನ ಡ್ರಮ್ಮಿಗೆ ಒದ್ದೆ ಗೋಣಿಯನ್ನು ಹೊದಿಸಿ ತಂಪಾಗಿಡುತ್ತಿದ್ದರಂತೆ. ಈ ಬೇಸಿಗೆಯಲ್ಲಿ ಬಿಸಿಲು ಸುಡುತ್ತಿದ್ದಾಗ, ಡೀಸೆಲ್ಲು ಆವಿಯಾದೀತೆಂದು ಅದೇ ಉಪಾಯವನ್ನು ಇಲ್ಲಿಯೂ ಮಾಡಿಸಿ, "ದಿನಾ ಬೆಳಿಗ್ಗೆ ಒಂದು ಬಕೆಟ್" ಎಂದು ಆಜ್ಞೆ ಕೊಟ್ಟು ಮರೆತಿದ್ದರು. ಬೇಸಿಗೆಯಲ್ಲಿ ಎಂಟು ಗಂಟೆಗೆಲ್ಲ ಗೋಣಿ ಒಣಗುತ್ತಿದ್ದುದರಿಂದ ಕೇಡಾಗಲಿಲ್ಲ. ಈಗ ಮಂಜಿನಲ್ಲಿ ಅದು ಒಣಗುವುದೇ ಇಲ್ಲ. ಡ್ರಮ್ಮಿನ ತಲೆಯ ಮೇಲೆ ನೀರು ಕಟ್ಟಿ ನಿಲ್ಲುತ್ತದೆ. ಹಗಲು ಕಾದು ಇರುಳು ತಣ್ಣಗಾಗುವ ಡ್ರಮ್ಮು, ಸಡಿಲವಾದ ಮುಚ್ಚಳದ ಸಂದಿನಿಂದ ಅದನ್ನು ಒಳಕ್ಕೆ ಹೀರಿಕೊಳ್ಳುತ್ತದೆ.

"ಈಗ ನವೆಂಬರ್ ಕಣೋ!" ಎಂದರು ಬೀಗರು.

"ಹೌದು ಸಾಬ್. ಆದರೆ ಹುಕುಂ ರದ್ದಾಗಿಲ್ಲ."

ಬೀಗರು ಬಯ್ಯುವಂತಿಲ್ಲ, ಇಂಥ ವಿಧೇಯತೆಯನ್ನು ಇಡೀ ಜೀವಮಾನ ಕಲಿಸಿದವರು ಅವರೇ. ಕೊನೆಗೆ ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ಎದೆಯುಬ್ಬಿಸಿ, ಹವಾಲ್ದಾರನನ್ನು ಸಾವಧಾನ ಭಂಗಿಯಲ್ಲಿ ನಿಲ್ಲಿಸಿ, ಮೇ ತಿಂಗಳ ಆಜ್ಞೆಯನ್ನು ಈ ಕ್ಷಣದಿಂದ ಹಿಂದೆಗೆದುಕೊಳ್ಳಲಾಗಿದೆ ಎಂದು ಗಟ್ಟಿದನಿಯಲ್ಲಿ ಸಾರಿದರು.

ಹವಾಲ್ದಾರ ಸೆಲ್ಯೂಟ್ ಹೊಡೆದು, ಸ್ವಲ್ಪ ಅನುಮಾನಿಸಿ, ಕೇಳಿದ:

"ಬರವಣಿಗೆಯಲ್ಲಿ ಕೊಡ್ತೀರಾ ಸಾಬ್?"

೬. ತಾವೂ ಬಾಯಿಬಿಟ್ಟದ್ದು

ಆಮೇಲೆ ನಡೆದದ್ದು ಯುದ್ಧವೇ ಸರಿ. ಡ್ರಮ್ಮನ್ನು ಸೂರಿನ ಒಳಕ್ಕೆ ಉರುಳಿಸಿದೆವು. ಟ್ಯಾಂಕಿನ ಅಡಿಯ ಬಿರಟೆಯನ್ನು ತೆಗೆದು, ಬರೀ ಡೀಸೆಲ್ಲು ಕಾಣುವವರೆಗೆ ಹರಿಯಬಿಟ್ಟೆವು. ಫಿಲ್ಟರನ್ನು ಬದಲಿಸಿದೆವು. ಬಂಕಿನಿಂದ ಹೊಸ ಡೀಸೆಲ್ಲನ್ನು ಒಣಗಿದ ಕ್ಯಾನಿನಲ್ಲಿ ತಂದು, ತೆಳುಬಟ್ಟೆಯಿಂದ ಸೋಸಿ ತುಂಬಿದೆವು. ಮಿಸ್ತ್ರಿ ಮಾಡಿದ್ದನ್ನು ನೋಡಿ ಕಲಿತಿದ್ದ ನಾನು ಕೈಪಂಪಿನ ಮುಂದೆ ಕುಳಿತೆ, ಹವಾಲ್ದಾರ ಬೋಲ್ಟನ್ನು ಸಡಿಲಿಸಿದ, ಬೀಗರು, "ಏಕ್, ದೋ! ಏಕ್, ದೋ!" ಎಂದು ಎಣಿಸಿದರು. ಗುಳ್ಳೆ, ಗುಳ್ಳೆ, ಮತ್ತೆ ಗುಳ್ಳೆ. ಕೊನೆಗೆ ಗುಳ್ಳೆಯಿಲ್ಲದ, ಕಲಬೆರಕೆಯಿಲ್ಲದ, ಶುದ್ಧ ಧಾರೆ! ಮುದ್ರಣಕ್ಕೆ ಹೋಗುವ ಮುನ್ನ ಕೊನೆಯ ಕರಡಿನಲ್ಲಿ ಒಂದೂ ತಪ್ಪು ಸಿಗದಿದ್ದಾಗ ಆಗುವ ಆನಂದ ನನಗೆ ಆಗ ಆಯಿತು. ಅಂಗಿಯೆಲ್ಲ ಡೀಸೆಲ್ಲಾದದ್ದು ಗೊತ್ತಾಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹೊರಟ ಟ್ರ್ಯಾಕ್ಟರು ಐದನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಕೊನೆಯ ಸಾಲನ್ನೂ ಬಿತ್ತಿ ಬದುವಿಗೆ ಬಂದು ನಿಂತಿತು. ಈ ಸಲ ನಿಂತದ್ದು ಹವಾಲ್ದಾರ ನಿಲ್ಲಿಸಿದ್ದರಿಂದ. ಐದು ಎಕರೆಯೂ ಹದ ತಪ್ಪದೆ ಮುಗಿದಿತ್ತು. ಬೀಗಿತ್ತಿಯವರು ಟ್ರ್ಯಾಕ್ಟರಿಗೆ ದೃಷ್ಟಿ ತೆಗೆದರು.

ಇತ್ತ ತಾವೂ ಏನು ಮಾಡುತ್ತಿದ್ದ? ಫೌಜಿ ಯಾವ ಗಳಿಗೆಯಲ್ಲಿಯಾದರೂ ಬಂದು ಕೇಳಬಹುದು. ಕೇಳಿದಾಗ ತನ್ನ ಗಾಡಿ ಮದುವಣಿಗನಂತೆ ಬದುವನ್ನು ದಾಟಬೇಕು. ಈ ಹಂಬಲದಿಂದ ಅವನು ಆ ಐದೂ ದಿನ ಹೊತ್ತು ಹೊತ್ತಿಗೆ, ನಮ್ಮ ಕಣ್ಣೆದುರಿಗೇ, ಕೊಳವೆಬಾವಿಯ ದಪ್ಪ ಪೈಪನ್ನು ಹಿಡಿದು ತನ್ನ ಟ್ರ್ಯಾಕ್ಟರಿಗೆ ಮಜ್ಜನ ಮಾಡಿಸಿದ್ದ. ಹೊಳೆಯುವ ಕಾಗದದ ಮಾಲೆಯನ್ನೂ ಕಟ್ಟಿದ್ದ. ಕಾಯುವ ಭರದಲ್ಲಿ ತನ್ನ ಎರಡು ಎಕರೆಯ ಬಿತ್ತನೆಯನ್ನು ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದ. ಆ ಮಧ್ಯಾಹ್ನ, ನಾವು ಕಾಫಿ ಕುಡಿಯುತ್ತಿರುವಾಗ, ಆ ಹೊಸ ಟ್ರ್ಯಾಕ್ಟರು ತನ್ನ ಹೊಲದ ನಡುವೆ ಕೆಮ್ಮಿತು, ಬಿಳಿಯ ಹೊಗೆಯನ್ನು ಉಗುಳಿತು, ನಿಂತಿತು.

ನಾನು ಒಣಗಿದ ಬಾಟಲಿಯೊಂದನ್ನು ತೆಗೆದುಕೊಂಡು ಓಡಿದೆ. ಎಪ್ಪತ್ತಾರರ ವಯಸ್ಸಿನಲ್ಲಿ ಓಡಿದೆನೆಂಬುದನ್ನು ಇಂದಿಗೂ ನನ್ನ ಹೆಂಡತಿ ನಂಬುವುದಿಲ್ಲ. ಟ್ಯಾಂಕಿನ ಅಡಿಯಿಂದ ಹಿಡಿದು ಬಿಸಿಲಿಗೆ ಎತ್ತಿದರೆ, ಅರ್ಧ ಡೀಸೆಲ್ಲು, ಅರ್ಧ ಸ್ನಾನದ ನೀರು! ಟ್ಯಾಂಕಿನ ಮುಚ್ಚಳದ ರಬ್ಬರು ಎಂದೋ ಹೋಗಿದ್ದು, ಅಲ್ಲಿ ಬರೀ ಬಟ್ಟೆ ಸುತ್ತಿತ್ತು.

"ತಾವೂಜೀ, ಎಲ್ಲವನ್ನೂ ಖಾಲಿ ಮಾಡಬೇಕು, ಫಿಲ್ಟರು ಬದಲಿಸಬೇಕು. ನಾಳೆ ಮಧ್ಯಾಹ್ನದವರೆಗೆ ಇದು ಏಳುವುದಿಲ್ಲ."

ತಾವೂ ಬಗ್ಗಿ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು ಹಿಸುಕಿದ. ಉಂಡೆ ಕಟ್ಟಿತು, ಆದರೆ ಒಲ್ಲದ ಮನಸ್ಸಿನಿಂದ. ನಾಳೆಯ ಮಧ್ಯಾಹ್ನಕ್ಕೆ ಅದೂ ಇಲ್ಲ. ಅವನು ಬದುವಿನವರೆಗೆ ನಡೆದು ಬಂದ. ಈಚೆ ಬೀಗರು ಕೈಕಟ್ಟಿ ನಿಂತಿದ್ದರು. ಸುದ್ದಿ ಹೇಗೆ ಹಬ್ಬಿತೋ, ಹುಕ್ಕಾದ ಕಟ್ಟೆಯ ಹತ್ತೂ ಜನ ಬಂದು ನೆರೆದಿದ್ದರು. ತಾವೂ ಬೀಗರ ಮುಖವನ್ನು ನೋಡಿದ, ಜನರ ಮುಖವನ್ನು ನೋಡಿದ, ಗಂಟಲು ಸರಿಪಡಿಸಿಕೊಂಡ; ಮಾತು ಹೊರಡಲಿಲ್ಲ. ಬೀಗರ ಬಲಗೈ ಮೆಲ್ಲಗೆ ಮೇಲೆದ್ದು ಕಿವಿಯ ಕಡೆಗೆ ಹೊರಟದ್ದನ್ನು ಕಂಡು, ನಾನು ಅದನ್ನು ಹಿಡಿದು ಕೆಳಗಿಳಿಸಿದೆ.

ಕಡೆಗೆ ತಾವೂ ಒಂದು ಉಪಾಯ ಕಂಡುಕೊಂಡ. ಬೀಗರನ್ನು ಬಳಸಿಕೊಂಡು ನೆಟ್ಟಗೆ ನಮ್ಮ ಹಳೆಯ ಟ್ರ್ಯಾಕ್ಟರಿನ ಬಳಿಗೆ ನಡೆದು, ಪೇಟವನ್ನು ಸರಿಪಡಿಸಿಕೊಂಡು, ಅದರ ಮೂತಿಯ ಮುಂದೆ ಎರಡೂ ಕೈ ಜೋಡಿಸಿ, ಎಲ್ಲರಿಗೂ ಕೇಳಿಸುವಂತೆ ಹೇಳಿದ:

"ಭಾಯೀ, ನಿನ್ನ ಯಜಮಾನನನ್ನು ನಾನು ಕೇಳೋದಿಲ್ಲ. ನಿನ್ನನ್ನೇ ಬಾಯಿಬಿಟ್ಟು ಕೇಳ್ತೀನಿ. ಎರಡು ಎಕರೆ ಬಾಕಿ ಇದೆ. ಬರ್ತೀಯಾ?"

ಬೀಗರು ಗಂಭೀರವಾಗಿ ಮುಂದೆ ಬಂದರು. ಬಗ್ಗಿ ಟ್ರ್ಯಾಕ್ಟರಿನ ಬಾನೆಟ್ಟಿಗೆ ಕಿವಿಗೊಟ್ಟರು. "ಹೂಂ, ಹೂಂ" ಎಂದು ತಲೆಯಾಡಿಸುತ್ತ ಅದು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಅನಂತರ ನೆಟ್ಟಗಾಗಿ ತಾವೂನ ಕಡೆಗೆ ತಿರುಗಿದರು.

"ಖುಷಿಯಿಂದ ಬರ್ತಾನಂತೆ" ಎಂದರು. "ಸ್ನಾನ ಮಾತ್ರ ಬೇಡ ಅಂತಾನೆ."